ಒಲ್ಲೆನೆಂಬ ನಾಯಿಕೆ

ವಿನೋದಪ್ರಧಾನವಾದ ಪ್ರಣಯಚಿತ್ರಗಳನ್ನು ನಾಲ್ಕಾರು ಸಲ ನೋಡಿದವರಿಗೆ, ಹೊಸದಾಗಿ ಬಂದ ಮತ್ತೊಂದರ ಕಥೆಯನ್ನು ಮೊದಲ ಅರ್ಧ ಗಂಟೆಯಲ್ಲಿಯೇ ಹೇಳಿಬಿಡುವುದು ಕಷ್ಟವಲ್ಲ. ನಾಯಕನು ಅವಸರದಿಂದ ಬರುತ್ತ ನಾಯಿಕೆಗೆ ತಾಗುತ್ತಾನೆ. ಅವಳ ಕೈಯ ಪುಸ್ತಕಗಳು ನೆಲಕ್ಕೆ ಬೀಳುತ್ತವೆ. ಇಬ್ಬರೂ ಏಕಕಾಲಕ್ಕೆ ಬಗ್ಗುತ್ತಾರೆ. ಆಮೇಲೆ ಜಗಳ. ಜಗಳದ ನಡುವೆ ಒಂದು ಮಳೆ. ಹೊಟ್ಟೆಬಾಕನಾದ ಗೆಳೆಯನೊಬ್ಬನ ಉಪಾಯ, ವೇಷ ಮರೆಸಿಕೊಂಡು ಹೆಣ್ಣಿನ ಮನೆಯನ್ನು ಹೊಗುವುದು, ಒಬ್ಬಳಿಗೆ ಬರೆದ ಓಲೆ ಮತ್ತೊಬ್ಬಳ ಕೈ ಸೇರುವುದು, ತಂದೆ ನಿಶ್ಚಯಿಸಿದ ಬೇರೊಬ್ಬ ವರ, ಮುಹೂರ್ತಕ್ಕೆ ಸರಿಯಾಗಿ ಏದುಸಿರು ಬಿಡುತ್ತ ಮಂಟಪಕ್ಕೆ ಓಡಿ ಬರುವ ನಾಯಕ, ಅಕ್ಷತೆ. ಶಿವಮೊಗ್ಗೆಯ ಚಿತ್ರಮಂದಿರದಿಂದ ಹೊರಗೆ ಬರುವವರು, "ಎಲ್ಲಾ ಅದೇ ಕಥೆ" ಎಂದು ಮೂಗು ಮುರಿಯುತ್ತಾರೆ. ಮುಂದಿನ ಚಿತ್ರಕ್ಕೂ ತಪ್ಪದೆ ಹೋಗುತ್ತಾರೆ.

ಅದೇ ಕಥೆಯೆಂಬುದು ನಿಜವೇ. ಆದರೆ ಅದು ಎಷ್ಟು ಕಾಲದಿಂದ ಅದೇ ಕಥೆಯೆಂಬುದನ್ನು ಮೂಗು ಮುರಿಯುವವರು ಅಷ್ಟಾಗಿ ಯೋಚಿಸಿದಂತಿಲ್ಲ. ಸಂಸ್ಕೃತದ ನಾಟ್ಯಶಾಸ್ತ್ರಕಾರರು 'ನಾಟಿಕೆ' ಎಂಬ ರೂಪಕಭೇದಕ್ಕೆ ಹೇಳುವ ಲಕ್ಷಣವನ್ನು ನೋಡಬಹುದು: ಅಂಕಗಳು ನಾಲ್ಕು, ಸ್ತ್ರೀಪಾತ್ರಗಳೇ ಹೆಚ್ಚು, ನಾಯಕನು ಧೀರಲಲಿತನಾದ ರಾಜ, ನಾಯಿಕೆ ಅಂತಃಪುರದಲ್ಲಿಯೋ ಸಂಗೀತಶಾಲೆಯಲ್ಲಿಯೋ ಇರುವ ಹೊಸ ಪ್ರಾಯದವಳು, ಪಟ್ಟದ ದೇವಿಯು ಹೆಜ್ಜೆಹೆಜ್ಜೆಗೂ ಮುನಿಯುವ ಮಾನಿನಿ, ರಾಜನು ಅವಳಿಗೆ ಅಂಜುತ್ತಂಜುತ್ತಲೇ ಹೊಸ ಒಲವನ್ನು ನಡೆಸತಕ್ಕವನು. ಇದು ಇಂದಿನ ಚಿತ್ರಕಥೆಗಾರನ ಕೈಪಿಡಿಯಲ್ಲಿದ್ದರೂ ಸಲ್ಲುವ ಮಾತು. ಏಳನೆಯ ಶತಮಾನದ ಹರ್ಷನ ರತ್ನಾವಳಿಯು ಈ ಲಕ್ಷಣಕ್ಕೆ ಲಕ್ಷ್ಯವೆಂದು ಪ್ರಸಿದ್ಧವಾಗಿದೆ. ಸಿಂಹಳದ ರಾಜಪುತ್ರಿ ಹಡಗೊಡೆದು ಬದುಕಿ ಉಳಿದು, ಸಾಗರಿಕೆಯೆಂಬ ಹೆಸರಿನಿಂದ ವತ್ಸರಾಜನ ಅರಮನೆಯಲ್ಲಿ ಪರಿಚಾರಿಕೆಯಾಗಿರುತ್ತಾಳೆ. ರಾಜನ ಚಿತ್ರವನ್ನು ಬರೆಯುತ್ತಾಳೆ. ಸಖಿಯು ಅದರ ಪಕ್ಕದಲ್ಲಿ ಸಾಗರಿಕೆಯನ್ನೇ ಬರೆಯುತ್ತಾಳೆ. ಪಂಜರದಿಂದ ತಪ್ಪಿಸಿಕೊಂಡ ಸಾರಿಕೆಯು ಆ ಇಬ್ಬರ ಗುಟ್ಟಿನ ಮಾತನ್ನು ರಾಜನಿಗೆ ಕೇಳುವಂತೆ ಒಪ್ಪಿಸುತ್ತದೆ. ದೇವಿಯ ಉಡುಗೆಯನ್ನು ತೊಟ್ಟು ಸಾಗರಿಕೆ ಬರಬೇಕಾದ ಎಡೆಗೆ ನಿಜವಾದ ದೇವಿಯೇ ಮೊದಲು ಬರುತ್ತಾಳೆ. ರಾಜನು ಅವಳನ್ನು ಸಾಗರಿಕೆಯೆಂದು ತಿಳಿದು ಒಲವಿನ ಮಾತನ್ನಾಡಿ ಸಿಕ್ಕಿಬೀಳುತ್ತಾನೆ. ಕನ್ನಡಕ್ಕೂ ಈ ಕಥೆಗೂ ವಿಶೇಷವಾದೊಂದು ನಂಟುಂಟು. ಚಿಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು ವತ್ಸರಾಜನ ಎಡೆಯಲ್ಲಿ ಶ್ರೀಕೃಷ್ಣನನ್ನಿಟ್ಟು ರತ್ನಾವಳಿಯನ್ನೇ ಕನ್ನಡಿಸಿದನು. ಆ ಮಿತ್ರವಿಂದಾಗೋವಿಂದವೇ ಕನ್ನಡದಲ್ಲಿ ದೊರೆತಿರುವ ಮೊದಲ ನಾಟಕ. ಅಂದರೆ, ಕನ್ನಡ ನಾಟಕಸಾಹಿತ್ಯವು ಈಗ ಸಿಕ್ಕಿರುವ ಮಟ್ಟಿಗೆ ಬಾಯಿ ತೆರೆದದ್ದೇ ಒಂದು ವಿನೋದಪ್ರಣಯದ ಕಥೆಯಿಂದ.

ಉಳಿದ ಸಲಕರಣೆಗಳೂ ಹೀಗೆಯೇ ಹಳೆಯವು. ನಾಯಿಕೆ ಹೊರಟವಳು ಕಾಲಿಗೆ ದರ್ಭೆ ಚುಚ್ಚಿತೆಂದೂ ಸೆರಗು ಗಿಡಕ್ಕೆ ಸಿಕ್ಕಿತೆಂದೂ ನೆವ ಹೂಡಿ ಹಿಂದಿರುಗಿ ನೋಡುವುದನ್ನು ಶಾಕುಂತಲವನ್ನು ಓದಿದ ಹುಡುಗರೆಲ್ಲ ಬಲ್ಲರು. ಮಾಲವಿಕಾಗ್ನಿಮಿತ್ರದ ವಿದೂಷಕನು ತನಗೆ ಹಾವು ಕಡಿಯಿತೆಂದು ನೆಲದ ಮೇಲೆ ಹೊರಳಿ, ವಿಷವೈದ್ಯದ ನೆಪದಿಂದ ದೇವಿಯ ನಾಗಮುದ್ರೆಯ ಉಂಗುರವನ್ನು ಸಂಪಾದಿಸಿ, ಸೆರೆಯಲ್ಲಿದ್ದ ಮಾಲವಿಕೆಯನ್ನು ಬಿಡಿಸುತ್ತಾನೆ. ಮೂರ್ಛೆ ಬಂದಂತೆ ನಟಿಸಿ ಕಾವಲುಗಾರನ ಜೇಬಿನಿಂದ ಬೀಗದ ಕೈ ಎಗರಿಸುವ ಚಿತ್ರದ ಗೆಳೆಯನು ಈ ಗೌತಮನ ವಂಶಸ್ಥನೇ ಸರಿ. ಮೋದಕದ ಎಡೆಯಲ್ಲಿ ಮಸಾಲೆದೋಸೆ ಬಂದಿದೆ, ಅಷ್ಟೆ. ಭರತನ ಪರಂಪರೆಯವರು ಕೈಶಿಕೀವೃತ್ತಿಯ ಅಂಗಗಳನ್ನು ಎಣಿಸುವಾಗ, ಮೊದಲ ಭೇಟಿ ಸುಖದಲ್ಲಿ ತೊಡಗಿ ಅಂಜಿಕೆಯಲ್ಲಿ ಮುಗಿಯುವುದಕ್ಕೆ ಒಂದು ಹೆಸರನ್ನೂ, ನಾಯಕನು ಕಾರ್ಯಾರ್ಥವಾಗಿ ಮರೆಯಾಗಿದ್ದು ವರ್ತಿಸುವುದಕ್ಕೆ ಇನ್ನೊಂದು ಹೆಸರನ್ನೂ ಇಟ್ಟುಬಿಟ್ಟಿದ್ದಾರೆ. ಇನ್ನು ಅಭಿಲಾಷೆಯಿಂದ ಮೊದಲಾಗುವ ಹತ್ತು ಕಾಮಾವಸ್ಥೆಗಳು: ಹಳಬರು ಅವುಗಳಿಗೆ ಅಂಕಗಟ್ಟಲೆ ಕಾಲವನ್ನು ಕೊಟ್ಟರು, ಚಲಚ್ಚಿತ್ರವು ಒಂದೇ ಹಾಡಿನಲ್ಲಿ ಉನ್ಮಾದದವರೆಗೆ ಮುಟ್ಟಿಸಿಬಿಡುತ್ತದೆ.

ಪಶ್ಚಿಮದವರ ಪಾಲೂ ಇದರಲ್ಲಿ ಇಲ್ಲದೆ ಇಲ್ಲ. ೧೯೩೪ರಲ್ಲಿ ಫ್ರಾಂಕ್ ಕಾಪ್ರಾ ತೆಗೆದ 'ಇಟ್ ಹ್ಯಾಪೆಂಡ್ ಒನ್ ನೈಟ್' ಎಂಬ ಅಮೆರಿಕದ ಚಿತ್ರದಲ್ಲಿ ಸಿರಿವಂತನ ಮಗಳೊಬ್ಬಳು ತಂದೆಯಿಂದ ತಪ್ಪಿಸಿಕೊಂಡು ಬಸ್ಸನ್ನೇರುತ್ತಾಳೆ. ಅಲ್ಲಿ ಸಿಕ್ಕಿದ ಪತ್ರಿಕೆಯವನೊಡನೆ ದಾರಿಯುದ್ದಕ್ಕೂ ಜಗಳವಾಡಿ, ಕೊನೆಗೆ ಬೇರೊಬ್ಬನೊಡನೆ ನಡೆಯಬೇಕಾದ ಲಗ್ನವನ್ನೇ ಬಿಟ್ಟು ಓಡುತ್ತಾಳೆ. ೧೯೪೦ರಲ್ಲಿ ಲೂಬಿಚ್ ಎಂಬಾತನ ಚಿತ್ರದಲ್ಲಿ ಒಂದೇ ಅಂಗಡಿಯ ಇಬ್ಬರು ನೌಕರರು ಎದುರೆದುರಿಗೆ ಹಾವು ಮುಂಗುಸಿಗಳಾಗಿದ್ದು, ಹೆಸರು ತಿಳಿಯದ ಪತ್ರಗಳಲ್ಲಿ ಪರಸ್ಪರ ಮನಸೋತಿರುತ್ತಾರೆ. ಈ ಎರಡನೆಯ ಬಗೆಯು ಕನ್ನಡದ ನೆಲದಲ್ಲಿ ಬೇರೂರಿದ ಅಂದವನ್ನು ನೋಡಬೇಕಾದರೆ, ಫಣಿ ರಾಮಚಂದ್ರರು ೧೯೯೦ರಲ್ಲಿ ನಿರ್ದೇಶಿಸಿದ 'ಗಣೇಶನ ಮದುವೆ'ಯನ್ನು ನೋಡಬೇಕು. ಒಂದೇ ವಠಾರ, ಒಡೆಯನ ಮಗಳನ್ನು ಕಂಡರೆ ಬಾಡಿಗೆಯ ಗಣೇಶನಿಗೆ ಆಗದು, ಅವಳಿಗೂ ಅವನನ್ನು ಕಂಡರೆ ಆಗದು, ಆದರೆ ಬೇರೊಂದು ಹೆಸರಿನಿಂದ ಹಾಡುವ ಅವಳ ಕಂಠಕ್ಕೆ ಅವನು ಸೋತಿದ್ದಾನೆ, ಅವನ ಓಲೆಗಳಿಗೆ ಅವಳು ಸೋತಿದ್ದಾಳೆ. ಅನಂತನಾಗ್, ವಿನಯಾ ಪ್ರಸಾದ್ ಇವರ ಆ ಜಗಳಗಳನ್ನು ಮನೆಮಂದಿಯೆಲ್ಲ ಕುಳಿತು ನೋಡಬಹುದು. ಮತ್ತೆ ಮತ್ತೆ ನೋಡಿದವರೂ ಬಹಳ ಮಂದಿ. ಅಲ್ಲಿ ಗೋಡೆಯ ಆಚೆಯ ಗಂಡೂ ಈಚೆಯ ಹೆಣ್ಣೂ ಒಂದೇ ತಪ್ಪನ್ನು ಸಮಸಮವಾಗಿ ಮಾಡುತ್ತಾರೆ. ನಗು ಇಬ್ಬರ ಮೇಲೂ ಬೀಳುತ್ತದೆ.

ಇಲ್ಲಿಯವರೆಗಿನದೆಲ್ಲ ಸುಲಭವಾದ ಮಾತು. ಸುಲಭವಲ್ಲದ ಒಂದು ಸಂಕೇತವುಂಟು. ಅದಕ್ಕೆ ಹಳೆಯ ನಾಟಿಕೆಗಳಲ್ಲಿ ಆಧಾರ ಸಿಕ್ಕುವುದಿಲ್ಲ. ನಾಯಕನು ಹೆಣ್ಣೊಬ್ಬಳನ್ನು ಕಾಣುತ್ತಾನೆ, ಮೆಚ್ಚುತ್ತಾನೆ, ಹಿಂಬಾಲಿಸುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ಅವನು ಮತ್ತೂ ಹಿಂಬಾಲಿಸುತ್ತಾನೆ: ಕಾಲೇಜಿನ ಬಾಗಿಲಲ್ಲಿ, ದೇವಸ್ಥಾನದ ಪ್ರಾಕಾರದಲ್ಲಿ, ಬಸ್ಸಿನಲ್ಲಿ. ಗೆಳೆಯರು ಹಿಂದಿನಿಂದ ಹಾಡುತ್ತಾರೆ. ಅವಳು ಬೈಯುತ್ತಾಳೆ, ದೂರು ಕೊಡುತ್ತೇನೆನ್ನುತ್ತಾಳೆ. ನೋಡುವವರು ನಗುತ್ತಾರೆ, ಏಕೆಂದರೆ ಮಧ್ಯಂತರವಾದ ಮೇಲೆ ಅವಳು ಒಪ್ಪತಕ್ಕವಳೆಂಬುದು ಅವರಿಗೆ ಗೊತ್ತು. ಹೆಣ್ಣಿನ 'ಒಲ್ಲೆ' ಎಂಬುದು ಒಂದು ತೆರೆ, ಅದನ್ನು ಸರಿಸುವ ಪಟ್ಟು ಇದ್ದವನಿಗೆ ಹಿಂದೆ 'ಒಪ್ಪಿದೆ' ಎಂಬುದು ಕಾದಿರುತ್ತದೆ ಎಂಬ ಭಾವನೆಯ ಮೇಲೆ ಎಷ್ಟೋ ಚಿತ್ರಗಳು ನಿಂತಿವೆ. ಹೆಮ್ಮೆಯ ಹೆಣ್ಣನ್ನು ಪಳಗಿಸುವ ಕಥೆಯೂ ಇದರ ದಾಯಾದಿಯೇ. ಅದು ಷೇಕ್ಸ್‌ಪಿಯರನ ಕಾಲದಿಂದ ನಡೆದು ಬಂದು, ೧೯೮೯ರ 'ನಂಜುಂಡಿ ಕಲ್ಯಾಣ'ದಂಥ ಜನಪ್ರಿಯ ಚಿತ್ರವಾಗಿ ಊರೂರುಗಳಲ್ಲಿ ಓಡಿತು. ಮಾಲಾಶ್ರೀಯವರ ಚುರುಕಿನಿಂದ ಆ ಚಿತ್ರ ಬದುಕಿತೆಂಬುದೂ, ಕಥೆಯು ಕೊನೆಗೆ ಪಳಗಿಸಿದ್ದು ಆ ಚುರುಕನ್ನೇ ಎಂಬುದೂ ಯೋಚಿಸಬೇಕಾದ ವಿಷಯ.

ಭದ್ರಾವತಿಯ ನ್ಯೂಟೌನಿನಲ್ಲಿ ಒಂದು ಮನೆ. ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗಳು ಶಿವಮೊಗ್ಗೆಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಅವಳು ಎಂಟು ಗಂಟೆಯ ಬಸ್ಸನ್ನು ಬಿಟ್ಟು ಏಳು ಗಂಟೆಯ ಬಸ್ಸಿಗೆ ಹೋಗತೊಡಗಿದಳು. ಕೆಲವು ದಿವಸಗಳಾದ ಮೇಲೆ ಅದನ್ನೂ ಬಿಟ್ಟು ರೈಲಿಗೆ. ಓದು ಹೆಚ್ಚಾಗಿದೆ, ಬೇಗ ಹೋಗಬೇಕು ಎಂದು ಮನೆಯಲ್ಲಿ ಹೇಳಿದಳು, ಮನೆಯವರು ನಂಬಿದರು. ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ಹೂ ಕಟ್ಟುತ್ತ ಚಿತ್ರವೊಂದನ್ನು ನೋಡುತ್ತಿದ್ದರು. ನಾಯಕನು ಬಸ್ಸಿನಲ್ಲಿ ನಾಯಿಕೆಯ ಹಿಂದಿನ ಆಸನದಲ್ಲಿ ಕುಳಿತು, ಅವಳ ಜಡೆಗೆ ಗುಲಾಬಿಯನ್ನು ಸಿಕ್ಕಿಸಿ, ಬಸ್ಸಿನವರೆಲ್ಲ ಚಪ್ಪಾಳೆ ತಟ್ಟುವ ಪ್ರಸಂಗ. ಅಜ್ಜಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು, "ಅವಳು ಬೇಡ ಬೇಡ ಅಂತ ನಾಲ್ಕು ಸಲ ಹೇಳಿದಳಲ್ಲ, ನಿನಗೆ ಕೇಳಿಸಲಿಲ್ಲವೆ ಅಜ್ಜಿ?" ಎಂದಳು. "ಸಿನಿಮಾ ಕಣೆ. ಕೊನೆಗೆ ಒಪ್ಪಿಕೊಳ್ಳುತ್ತಾಳೆ" ಎಂದರು ಅಜ್ಜಿ. "ಅವನೂ ಹಾಗೇ ಅಂದುಕೊಂಡಿದ್ದಾನೆ" ಎಂದಳು ಹುಡುಗಿ. ಯಾವ 'ಅವನು' ಎಂದು ಅಜ್ಜಿ ಕೇಳಿದರು. ಕೇಳಿದ ಮೇಲೆ ಹೂವಿನ ದಂಡೆ ಅರ್ಧಕ್ಕೆ ನಿಂತಿತು.

ಆ ಬಸ್ಸಿನ ತರುಣನು ದುಷ್ಟನೆಂದು ಯಾರೂ ಹೇಳಲಿಲ್ಲ. ಓದು ಬರಹ ಬಲ್ಲವನೇ. ಅವನು ದಿನವೂ ಹೂವನ್ನು ತಂದದ್ದು, ಗೆಳೆಯರನ್ನು ಕೂಡಿಕೊಂಡು ಹಾಡಿದ್ದು, ಬೇಡವೆಂದಷ್ಟೂ ಹತ್ತಿರ ಬಂದದ್ದು, ಎಲ್ಲವೂ ನೋಡಿ ಕಲಿತ ಪಾಠ. ಅವನು ನಿರೀಕ್ಷಿಸಿದ್ದು ಮಧ್ಯಂತರವನ್ನು. ಹುಡುಗಿಯಾದರೋ ಎರಡು ತಿಂಗಳು ಅರೆನಿದ್ದೆಯಲ್ಲೆದ್ದು, ಕತ್ತಲೆಯಲ್ಲಿ ನಿಲ್ದಾಣಕ್ಕೆ ನಡೆದಳು. ಇಂಥ ಹಿಂಬಾಲಿಕೆಯನ್ನು ೨೦೧೩ರಲ್ಲಿ ಭಾರತೀಯ ದಂಡಸಂಹಿತೆಗೆ ೩೫೪-ಡಿ ಎಂಬ ಕಲಮನ್ನು ಸೇರಿಸಿ ಅಪರಾಧವೆಂದು ಗೊತ್ತುಮಾಡಲಾಯಿತು. ೨೦೨೪ನೆಯ ಜುಲೈ ೧ರಿಂದ ಅದೇ ವಿಧಿಯು ಭಾರತೀಯ ನ್ಯಾಯಸಂಹಿತೆಯ ೭೮ನೆಯ ಕಲಮಾಗಿ ನಡೆಯುತ್ತಿದೆ. ಆದರೆ ಆ ಮನೆಯವರು ಠಾಣೆಗೆ ಹೋಗಲಿಲ್ಲ. ತಂದೆ ಕೆಲವು ದಿನ ಮಗಳ ಜೊತೆಯಲ್ಲಿ ಬಸ್ಸಿನಲ್ಲಿ ಹೋಗಿ ಬಂದರು. ಅಷ್ಟಕ್ಕೆ ನಿಂತಿತು. ಎಲ್ಲ ಮನೆಗಳಲ್ಲಿಯೂ ಅಷ್ಟಕ್ಕೆ ನಿಲ್ಲುವುದಿಲ್ಲ.

ಇದನ್ನು ಎತ್ತಿದ ಕೂಡಲೇ, ವಿನೋದವನ್ನು ಧರ್ಮಶಾಸ್ತ್ರದ ತಕ್ಕಡಿಯಲ್ಲಿ ತೂಗಬಾರದು, ಅದು ರಸದ ಮಾತು ಎನ್ನತಕ್ಕವರಿದ್ದಾರೆ. ಆಗಲಿ; ರಸದ ಮಾತನ್ನೇ ಕೇಳಬಹುದು. ಆಲಂಕಾರಿಕರು ಶೃಂಗಾರಕ್ಕೆ ಸ್ಥಾಯಿಯಾದ ರತಿಯು ಇಬ್ಬರಲ್ಲಿಯೂ ನೆಲೆಗೊಂಡಿರಬೇಕೆಂದು ಬಯಸಿದರು. ಒಬ್ಬರಲ್ಲಿದ್ದು ಇನ್ನೊಬ್ಬರಲ್ಲಿ ಇಲ್ಲದ ರತಿಯನ್ನು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ರಸವೆಂದೆಣಿಸದೆ ರಸಾಭಾಸದ ಲೆಕ್ಕಕ್ಕೆ ಸೇರಿಸಿದ್ದಾನೆ. ಅಭಿನವಗುಪ್ತನಿಗೆ ಇದರ ಉದಾಹರಣೆಯಾಗಿ ಕಂಡದ್ದು ಸೀತೆಯಲ್ಲಿ ರಾವಣನಿಗಿದ್ದ ಕಾಮ. ಶೃಂಗಾರದ ಅನುಕರಣದಿಂದ ಹಾಸ್ಯ ಹುಟ್ಟುತ್ತದೆಂದು ಭರತನು ಹೇಳಿದ ಮಾತಿಗೆ ಇಲ್ಲಿಯೇ ಎಡೆಯುಂಟು: ಒಲ್ಲದವಳ ಮುಂದೆ ಒಲವಿನ ಮಾತನ್ನಾಡುವವನು ಶೃಂಗಾರದ ಅಣಕು, ಅವನನ್ನು ನೋಡಿ ನಗಬೇಕು. ಹಾಗಾದರೆ ಚಿತ್ರಮಂದಿರದ ನಗೆ ಸರಿಯಾದದ್ದೇ; ಅದು ತಪ್ಪಿದ್ದು ಗುರಿಯಲ್ಲಿ ಮಾತ್ರ. ಅಲ್ಲಿ ಜನರು ಅವನೊಡನೆ ಕೂಡಿ ಅವಳನ್ನು ನೋಡಿ ನಗುತ್ತಾರೆ.

ಹಳೆಯ ನಾಟಕಕಂಪನಿಯವರಿಗೆ ಶಾಸ್ತ್ರವನ್ನು ಓದದೆಯೇ ಇದು ತಿಳಿದಿತ್ತು. ಗುಬ್ಬಿ ಕಂಪನಿಯ 'ಸದಾರಮೆ'ಯಲ್ಲಿ ಒಲ್ಲದ ಸದಾರಮೆಯನ್ನು ಕೊಂಡೊಯ್ದು ಮದುವೆಯಾಗಲು ಹವಣಿಸುವವನು ಕಳ್ಳ. ಆ ಕಳ್ಳನ ಪಾತ್ರದಿಂದಲೇ ವೀರಣ್ಣನವರು ನಾಡನ್ನೆಲ್ಲ ನಗಿಸಿದರು. ಅವಳು ಅವನನ್ನು ಉಪಾಯದಿಂದ ವಂಚಿಸಿ ಪಾರಾಗುತ್ತಾಳೆ. ಅವನು ಪೆಚ್ಚಾದಾಗ ಬಿದ್ದ ನಗೆಯಲ್ಲಿ ಹೆಂಗಸರ ಸಾಲಿನ ನಗೆಯೂ ಸೇರಿರುತ್ತಿತ್ತು.

ಕಾಳಿದಾಸ ಹರ್ಷರ ನಾಯಕರೂ ಮರೆಯಲ್ಲಿ ನಿಂತು ನೋಡಿದವರೇ ಅಲ್ಲವೆ ಎಂದು ಕೇಳಬಹುದು. ನಿಜ, ನಿಂತವರೇ, ಇದು ಇಂದಿನ ಕಣ್ಣಿಗೆ ಸೊಗಸಲ್ಲ. ಆದರೆ ಮರೆಯಲ್ಲಿ ನಿಂತು ಅವರು ಕೇಳಿದ್ದು ಏನನ್ನು? ದುಷ್ಯಂತನು ಶಕುಂತಲೆ ಸಖಿಯರ ಮುಂದೆ ತನ್ನ ಮನಸ್ಸನ್ನು ಬಿಚ್ಚಿದ್ದನ್ನು ಕೇಳಿದ ಮೇಲೆಯೇ ಮುಂದೆ ಬರುತ್ತಾನೆ. ವತ್ಸರಾಜನಿಗೆ ಸಾರಿಕೆಯು ಮೊದಲು ತಿಳಿಸಿದ್ದು ಸಾಗರಿಕೆಯ ಬಯಕೆಯನ್ನು. ಚಿತ್ರವನ್ನು ಬರೆದವಳೂ ಅವಳೇ. ಹೆಣ್ಣಿನ ಸಮ್ಮತಿ ಅಲ್ಲಿ ಕಥೆಯ ಕೊನೆಗೆ ಗೆಲ್ಲಬೇಕಾದ ಪಣವಲ್ಲ. ಕಥೆ ಹೊರಡುವುದೇ ಅಲ್ಲಿಂದ. ಅಡ್ಡಿಗಳೆಲ್ಲ ಹೊರಗಿನವು.

ಹಾಗೆಂದು ಹಳೆಯದೆಲ್ಲವನ್ನೂ ತಲೆಯ ಮೇಲೆ ಹೊರಬೇಕಾದ್ದಿಲ್ಲ. ನಾಟಿಕೆಯ ನಗೆಗೆ ಬೆಲೆ ಕೊಟ್ಟವಳು ಪಟ್ಟದ ದೇವಿ. ವಾಸವದತ್ತೆ ಎಷ್ಟು ಮುನಿದರೂ ಕೊನೆಗೆ ತಾನೇ ಸಾಗರಿಕೆಯ ಕೈಯನ್ನು ಗಂಡನ ಕೈಯಲ್ಲಿಡಬೇಕು, ಧಾರಿಣಿಯೂ ಹಾಗೆಯೇ. ಇರಾವತಿಯಾದರೋ ಕೊನೆಯ ಅಂಕದಲ್ಲಿ ರಂಗಕ್ಕೇ ಬರುವುದಿಲ್ಲ. ಸಖಿಯ ಬಾಯಲ್ಲಿ ಒಂದು ಮಾತನ್ನು ಕಳುಹಿಸಿ ಮುಗಿಸುತ್ತಾಳೆ. ಅವಳ ಮನೆಯಲ್ಲಿ ಆ ಹೊತ್ತು ಏನಾಯಿತೆಂಬುದನ್ನು ಕಾಳಿದಾಸನು ಬರೆಯಲಿಲ್ಲ. ಚಲಚ್ಚಿತ್ರವು ಈ ದೇವಿಯ ಪೀಠವನ್ನು ಖಾಲಿ ಬಿಡದೆ ಅಲ್ಲಿ ಎರಡನೆಯ ವರನನ್ನು ಕೂರಿಸಿತು. ಹೊಸ ಪಂಚೆಯುಟ್ಟು, ಬಾಸಿಂಗ ಕಟ್ಟಿಕೊಂಡು, ಯಾವ ತಪ್ಪನ್ನೂ ಮಾಡದೆ ಹಸೆಯ ಮೇಲೆ ಕುಳಿತವನು, ನಾಯಕ ಓಡಿ ಬಂದ ಕೂಡಲೆ ಎದ್ದು ನಗುತ್ತ ಜಾಗ ಬಿಡಬೇಕು. ಬಿಡದಿದ್ದರೆ ಅವನು ಖಳನೆಂದು ಮೊದಲೇ ತೋರಿಸಿರುತ್ತಾರೆ, ಪ್ರೇಕ್ಷಕರಿಗೆ ಮರುಕ ಹುಟ್ಟದಿರಲೆಂದು.

ಯೋಗರಾಜ ಭಟ್ಟರ 'ಮುಂಗಾರು ಮಳೆ'ಯು ೨೦೦೬ರ ಡಿಸೆಂಬರಿನ ಕೊನೆಯಲ್ಲಿ ಬಂದಾಗ ಅದರಲ್ಲಿಯೂ ಈ ಸಲಕರಣೆಗಳೆಲ್ಲ ಇದ್ದವು. ನಾಯಕ ಪ್ರೀತಮನು ನಂದಿನಿಯನ್ನೇ ನೋಡುತ್ತ ಗುಂಡಿಗೆ ಬೀಳುತ್ತಾನೆ. ಮಡಿಕೇರಿಗೆ ಮದುವೆಗೆಂದು ಹೋದರೆ ಮದುವಣಗಿತ್ತಿ ಅವಳೇ. ಹಿಂಬಾಲಿಸುವುದೂ ಉಂಟು, ಕಾಡುವುದೂ ಉಂಟು, ಮಳೆಯಂತೂ ಹೇಳಬೇಕಾದ್ದೇ ಇಲ್ಲ. ಶಿವಮೊಗ್ಗೆ ಜಿಲ್ಲೆಯವರಿಗೆ ಅವರ ಜೋಗವನ್ನೇ ಮುಗಿಲಿನ ಎತ್ತರದಿಂದ ತೋರಿಸಿಕೊಟ್ಟ ಚಿತ್ರವೆಂದು ಅದರ ಮೇಲೆ ಇನ್ನಷ್ಟು ಅಭಿಮಾನ. ನಂದಿನಿಯ ಮನಸ್ಸು ಕೊನೆಗೆ ಅವನ ಕಡೆಗೆ ತಿರುಗುತ್ತದೆ. ಎಂದಿನ ಪ್ರಕಾರ ಅವನು ಮಂಟಪಕ್ಕೆ ನುಗ್ಗಬೇಕಾದ ಗಳಿಗೆ ಅದು. ಅವನು ನುಗ್ಗಲಿಲ್ಲ. ಅವಳ ವರನಾದ ಗೌತಮನನ್ನೂ ಅವಳ ಮನೆಯವರನ್ನೂ ನೋಡಿ, ತಾನೇ ಹಿಂದೆ ಸರಿದು, ವಾಸವದತ್ತೆಯ ಪೀಠದಲ್ಲಿ ತಾನು ಹೋಗಿ ಕುಳಿತನು. ನಂದಿನಿಯನ್ನು ಕೇಳಿ ಸರಿದನೇ ಎಂದರೆ ಅದಕ್ಕೆ ಉತ್ತರ ಸಮಾಧಾನಕರವಲ್ಲ. ಆ ಕೊನೆಯಲ್ಲಿಯೂ ಅವಳ ಪರವಾಗಿ ಇನ್ನೊಬ್ಬರೇ ತೀರ್ಮಾನಿಸಿದರು. ಆದರೂ ಚಿತ್ರಮಂದಿರಗಳಲ್ಲಿ ಆ ಹೊತ್ತಿಗೆ ಸಿಳ್ಳು ನಿಂತು ಹೋಗುತ್ತಿತ್ತು. ಗೆದ್ದವನಿಗಾಗಿ ಎಷ್ಟೋ ವರ್ಷಗಳಿಂದ ಚಪ್ಪಾಳೆ ತಟ್ಟಿದ್ದ ಜನ, ಮಳೆಯಲ್ಲಿ ಬರಿಗೈಯಿಂದ ಹಿಂದಿರುಗುವವನನ್ನು ನೋಡಿ ಕಣ್ಣೊರಸಿಕೊಂಡು, ಅದೇ ಚಿತ್ರಕ್ಕೆ ಮತ್ತೊಮ್ಮೆ ಚೀಟಿ ಕೊಳ್ಳಲು ನಿಂತರು.