ಕಮಲಾಪುರದ ಮೇಲೆ ಕರಿಮೋಡ

ವೈಶಾಖದ ಮಧ್ಯಾಹ್ನ ಕಲಬುರಗಿಯ ರಸ್ತೆಗಳೇ ನಿದ್ದೆಗೆ ಜಾರುತ್ತವೆ. ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಇಂಥ ದಿನದ ಸಂಜೆಗಾಗಿಯೇ ಕಾಯುವವರೂ ಇದ್ದಾರೆ! ಮೋಡ, ಮಿಂಚುಗಳ ಹುಚ್ಚು ಹತ್ತಿದವರು. ಬಯಲು ನೆಲ, ಅಡೆತಡೆಯಿಲ್ಲದ ಬಾನು. ಅವರಿಗೆ ಮತ್ತೇನು ಬೇಕು?

ಕಾದ ಎರೆನೆಲದ ಗಾಳಿ ತೇವ ಹೊತ್ತು ಮೇಲೇರಿ, ತಣಿದು, ಹೂಕೋಸಿನಂತೆ ಉಬ್ಬುವ ಮೋಡವಾಗುತ್ತದೆ. ಅದರ ನೆತ್ತಿ ಹತ್ತು ಕಿ.ಮೀ.ಗೂ ಮೇಲೇರಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾದರೆ ಸಿಡಿಲ ಮೋಡ ಸಿದ್ಧ. ಬೀಳುವ ಮಳೆಯಿಂದ ತಂಪಾದ ಗಾಳಿ ರಭಸದಿಂದ ಇಳಿದು ನೆಲದ ಮೇಲೆ ಹರಡುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸುವ ಬಿರುಗಾಳಿ ಇದೇ.

ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಸಾಗಿದರೆ ಕಮಲಾಪುರ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು. ಈ ಫಸಲು ಕೈಗೆ ಬರಲು ಸುಮಾರು 18 ತಿಂಗಳು ಬೇಕು. ಬಾಳೆಗೆ ಗಟ್ಟಿ ಕಾಂಡವಿಲ್ಲ, ಎಲೆಬುಡಗಳ ಸುರುಳಿಯಷ್ಟೆ. ಒಮ್ಮೆ ಬಿರುಗಾಳಿ ಬೀಸಿದರೆ ಒಂದೂವರೆ ವರ್ಷದ ದುಡಿಮೆ ನೆಲಕ್ಕೆ. ನಗರದ ಮಾಳಿಗೆಯಿಂದ ಚೆಂದ ಕಂಡ ಮೋಡ ಇಲ್ಲಿನ ರೈತನ ಎದೆ ನಡುಗಿಸುತ್ತದೆ.

ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಮಕ್ಕಳು ಮಾಳಿಗೆ, ಮರದಡಿ ಬಿಟ್ಟು ಮನೆಯೊಳಗೆ ಸೇರಬೇಕು. ಮೋಡದ ವೈಭವ ಕಿಟಕಿಯಿಂದಲೂ ಕಾಣುತ್ತದೆ.