ಮೂರು ಬಾಕ್ಸು, ಒಂದು ಪಿನ್ ಕೋಡು

ನಮ್ಮ ಮನೆಯ ಪಿನ್ ಕೋಡು 671ರಿಂದ ಶುರುವಾಗುತ್ತದೆ. ಡಿಟಿಎಚ್ ಕಂಪನಿಯ ಆ್ಯಪ್‌ನಲ್ಲಿ ಅಷ್ಟು ಒತ್ತುವುದರೊಳಗೆ ನಾವು ಯಾವ ಭಾಷೆಯವರೆಂಬುದು ತೀರ್ಮಾನವಾಗಿರುತ್ತದೆ. ಮೇಲೆ ಕೇರಳ ಪ್ಯಾಕ್, ಅದರ ಕೆಳಗೆ ಕೇರಳ ಎಚ್‌ಡಿ. ಕನ್ನಡ ಬೇಕಾದವರು ಇನ್ನೂ ಕೆಳಗೆ, 'ಇತರ ಭಾಷೆಗಳು' ಎಂಬಲ್ಲಿಗೆ ಇಳಿಯಬೇಕು. ಅಲ್ಲಿ ಒಡಿಯಾ, ಬಂಗಾಳಿಗಳ ಪಕ್ಕದಲ್ಲಿ ಅದೂ ಕೂತಿರುತ್ತದೆ. ತುಳುವಿಗೆ ಆ ಸಾಲಿನಲ್ಲೂ ಜಾಗವಿಲ್ಲ. ಕಾಸರಗೋಡಿನ ಬದಿಯಡ್ಕದ ಕಡೆಯ ಮನೆಯೊಂದರಲ್ಲಿ ದಿನಕ್ಕೆ ಎಷ್ಟು ಭಾಷೆ ಓಡಾಡುತ್ತದೆ ಎಂಬುದು ಆ್ಯಪ್ ಮಾಡಿದವನಿಗೆ ಹೇಗೆ ಗೊತ್ತಾಗಬೇಕು, ಪಾಪ.

ನಮ್ಮಲ್ಲಿ ಟಿವಿ ಮೂರು. ಚಾವಡಿಯಲ್ಲಿ ಒಂದು, ಅಮ್ಮನ ಕೋಣೆಯಲ್ಲಿ ಒಂದು, ಮೇಲೆ ತಮ್ಮನ ಸಂಸಾರಕ್ಕೆ ಒಂದು. ಅಮ್ಮನದು ಕನ್ನಡ ಧಾರಾವಾಹಿ. ತಮ್ಮನ ಹೆಂಡತಿ ನೀಲೇಶ್ವರದವಳು. ನಮ್ಮೊಡನೆ ತಪ್ಪಿಲ್ಲದ ಕನ್ನಡ ಆಡುತ್ತಾಳೆ, ನನ್ನನ್ನು ಮಾತ್ರ ಈಗಲೂ ಮಲಯಾಳದಲ್ಲಿ 'ಏಟ್ಟಾ', ಅಣ್ಣಾ, ಎಂದೇ ಕರೆಯುತ್ತಾಳೆ; ರಾತ್ರಿ ಪಾತ್ರೆ ತೊಳೆದಾದ ಮೇಲೆ ಅವಳಿಗೆ ಮಲಯಾಳ ಬೇಕು. ಹಳೆಯ ಕಂಪನಿಯಲ್ಲಿ ಮೊದಲ ಟಿವಿಗೆ ಏನು ಹಾಕಿಸಿದ್ದೆವೋ ಅದೇ ಉಳಿದೆರಡಕ್ಕೂ ಬರುತ್ತಿತ್ತು. ಹೀಗಾಗಿ ಎರಡು ಭಾಷೆಯ ಪೂರ್ತಿ ಹೊರೆಯನ್ನು ಮೂರು ಸಲ ಹೊರುತ್ತಿದ್ದೆವು; ಯಾರೂ ನೋಡದ ಚಾನೆಲ್‌ಗಳ ನಡುವೆ ಅಮ್ಮ ರಿಮೋಟ್ ಒತ್ತುತ್ತಾ ಧಾರಾವಾಹಿಯ ಅರ್ಧ ಕಳೆದುಕೊಳ್ಳುತ್ತಿದ್ದರು. ಕೋಣೆಗೊಂದು ಬೇರೆ ಆಯ್ಕೆ ಕೊಡುವ ಕಂಪನಿಗೆ ಹೋಗುವುದೆಂದು ಮನೆಯಲ್ಲಿ ಮಾತಾಯಿತು.

ದರದ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರಪದ್ಧತಿ ಬಂದಾಗ ನೆಟ್‌ವರ್ಕ್ ಶುಲ್ಕಕ್ಕೆ 100 ಚಾನೆಲ್‌ವರೆಗೆ 130 ರೂಪಾಯಿಯ ಮಿತಿ ಇತ್ತು, ತೆರಿಗೆ ಬೇರೆ. 2020ರಲ್ಲಿ ಅದೇ 130ಕ್ಕೆ 200 ಚಾನೆಲ್ ಎಂದಾಯಿತು. ಒಂದೇ ಮನೆಯ ಎರಡನೆಯ ಟಿವಿಯಿಂದ ಆಚೆಗೆ ಆ ಶುಲ್ಕದ ಶೇ 40ಕ್ಕಿಂತ ಹೆಚ್ಚು ಕೇಳಬಾರದು ಎಂಬುದೂ ಸೇರಿತು. 2024ರಲ್ಲಿ ಮಿತಿಯನ್ನೇ ತೆಗೆದು, ಶುಲ್ಕವನ್ನು ಕಂಪನಿಗಳ ಇಚ್ಛೆಗೆ ಬಿಟ್ಟರು. ಆದ್ದರಿಂದ ಮೂರು ಟಿವಿಯ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ಪ್ಯಾಕ್ ಎಷ್ಟಕ್ಕೆ ಎಂಬುದಲ್ಲ. ಎರಡನೆಯ, ಮೂರನೆಯ ಬಾಕ್ಸಿಗೆ ತಿಂಗಳಿಗೆ ಏನು ಬೀಳುತ್ತದೆ, ಅದಕ್ಕೆ ಬೇರೆ ಚಾನೆಲ್ ಆರಿಸಬಹುದೇ ಎಂಬುದು. ಮೊಬೈಲ್ ನಂಬರಿನ ಹಾಗೆ ಇದ್ದ ಬಾಕ್ಸನ್ನೇ ಹೊಸ ಕಂಪನಿಗೆ ಒಯ್ಯುವಂತಿಲ್ಲ. ಬಾಕ್ಸು ಎಲ್ಲರಲ್ಲೂ ನಡೆಯುವಂತಿರಬೇಕು ಎಂದು ಟ್ರಾಯ್ 2020ರಲ್ಲಿ ಶಿಫಾರಸೇನೋ ಮಾಡಿತ್ತು. ನಮ್ಮ ಹಳೆಯ ಮೂರು ಬಾಕ್ಸು ಈಗ ಅಟ್ಟದಲ್ಲಿವೆ.

ನಿಜವಾದ ತಕರಾರು ಆಕಾಶದಲ್ಲಿ. ಟಿವಿಯ ಉಪಗ್ರಹಗಳೆಲ್ಲ ಸಮಭಾಜಕದ ಮೇಲೆ ನಿಂತಿರುವುದರಿಂದ ನಾವಿರುವಲ್ಲಿ ಡಿಶ್ ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಎಲ್ಲೋ ಮುಖ ಮಾಡಬೇಕು. ಎಲ್ಲಿ ಎಂಬುದು ಕಂಪನಿಯ ಮೇಲೆ ಹೋಗುತ್ತದೆ. ಟಾಟಾ ಪ್ಲೇ ಇರುವುದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಡಿಟುಎಚ್ 88ರಲ್ಲಿ, ಸನ್ ಡೈರೆಕ್ಟ್ 93.5ರಲ್ಲಿ, ಡಿಶ್ ಟಿವಿ 95ರಲ್ಲಿ, ಏರ್‌ಟೆಲ್ 108.2ರಲ್ಲಿ. ದೂರದರ್ಶನದ ಫ್ರೀ ಡಿಶ್ ಕೂಡ 93.5ರಲ್ಲೇ ಇದೆ. ಕಾಸರಗೋಡಿನಿಂದ ನೋಡಿದರೆ 83ರ ಉಪಗ್ರಹ ದಿಗಂತದಿಂದ ಸುಮಾರು 70 ಡಿಗ್ರಿ ಮೇಲೆ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ. 108ರದ್ದು 50 ಡಿಗ್ರಿಗಿಂತ ಕೆಳಗೆ, ಅದೂ ಬಹುಪಾಲು ಪೂರ್ವದ ಕಡೆ. ಬಯಲುಸೀಮೆಯಲ್ಲಿ ಇದು ಯಾರಿಗೂ ಲೆಕ್ಕಕ್ಕಿಲ್ಲ. ಇಲ್ಲಿ ಪೂರ್ವ ಎಂದರೆ ಆಚೆಮನೆಯವರ ಅಡಿಕೆ ತೋಟ, ಅದರ ಬದಿಗೆ ತೆಂಗು. ಬೇಸಗೆಯಲ್ಲಿ ಸರಿಯಾಗಿ ಬಂದ ಚಿತ್ರ ಮಳೆಗೆ ಸೋಗೆ ನೆನೆದು ಬಾಗಿದ ಕೂಡಲೇ ಚೂರುಚೂರಾಗುತ್ತದೆ. ಜತೆಗೆ ಮೇಲಿನಿಂದ ಬರುವ ಕಿರಣಕ್ಕಿಂತ ಓರೆಯಾಗಿ ಬರುವ ಕಿರಣ ಮಳೆಯೊಳಗೆ ಹೆಚ್ಚು ದೂರ ಹಾಯಬೇಕು; ಮನೆಗಳಿಗೆ ಬರುವ ಕೆಯು ಬ್ಯಾಂಡಿನ ಅಲೆಗಳಿಗೆ ಮಳೆಹನಿಯೇ ಶತ್ರು. ಹಾಗೆಂದು ಯಾವ ಕಂಪನಿಯೂ ಜುಲೈಯಲ್ಲಿ ಇಲ್ಲಿ ಮಳೆಯನ್ನು ಪೂರ್ತಿ ತಡೆದುಕೊಳ್ಳುವುದಿಲ್ಲ. 60 ಸೆಂಟಿಮೀಟರಿನ ಡಿಶ್ ಬದಲು ಸ್ವಲ್ಪ ದೊಡ್ಡದು ಹಾಕಿಸಿದರೆ ಚಿತ್ರ ನಿಂತುಹೋಗುವ ಹೊತ್ತು ಕಡಿಮೆಯಾಗುತ್ತದೆ, ಅಷ್ಟೆ. ಹಾಗಾಗಿ ಆಫರಿನ ಕಾಗದ ನೋಡುವ ಮೊದಲು ಟೆರೇಸಿಗೆ ಹತ್ತಿ ಮರ ನೋಡಬೇಕು. ನಮ್ಮ ಟೆರೇಸಿಗೆ ಅಡಿಕೆ ಒಣಗಿಸಲು ಶೀಟು ಹಾಕಿಯಾಗಿತ್ತು; ಡಿಶ್ಶಿಗೆ ಸಿಕ್ಕಿದ್ದು ಅದರ ಹೊರಗಿನ ಒಂದು ಮೂಲೆ ಮಾತ್ರ.

ಇನ್ನು ವಯರು. ಮೂರು ಬಾಕ್ಸಿಗೆ ಮೂರು ಡಿಶ್ ಬೇಡ, ತಟ್ಟೆಯ ಮುಂದೆ ಅಲೆ ಹಿಡಿಯುವ ಎಲ್‌ಎನ್‌ಬಿಗೆ ನಾಲ್ಕು ಬಾಯಿ ಇದ್ದ ಒಂದೇ ಡಿಶ್ ಸಾಕು. ಆದರೆ ಪ್ರತಿ ಬಾಕ್ಸಿನಿಂದಲೂ ಎಲ್‌ಎನ್‌ಬಿವರೆಗೆ ಅದರದ್ದೇ ವಯರ್ ಹೋಗಬೇಕು. ಕೇಬಲ್ ಟಿವಿಯ ಕಾಲದಲ್ಲಿ ಹಾಕುತ್ತಿದ್ದ ಸ್ಪ್ಲಿಟರ್ ಇಲ್ಲಿ ನಡೆಯುವುದಿಲ್ಲ. ಕಾರಣ ಇಷ್ಟೆ: ಬಾಕ್ಸು ಅದೇ ವಯರಿನಲ್ಲಿ 13 ವೋಲ್ಟೋ 18 ವೋಲ್ಟೋ ಮೇಲಕ್ಕೆ ಕಳಿಸಿ ತನಗೆ ಲಂಬದ ಅಲೆ ಬೇಕೋ ಅಡ್ಡದ ಅಲೆ ಬೇಕೋ ಎಂದು ಹೇಳುತ್ತದೆ. ಎರಡು ಬಾಕ್ಸಿಗೆ ಒಂದೇ ವಯರ್ ಕೊಟ್ಟರೆ ಒಂದೇ ತೋಡಿನ ನೀರನ್ನು ಇಬ್ಬರು ತಮ್ಮತಮ್ಮ ತೋಟಕ್ಕೆ ತಿರುಗಿಸಿಕೊಂಡ ಹಾಗೆ. ಅಮ್ಮ ಚಾನೆಲ್ ಬದಲಿಸಿದರೆ ಮೇಲಿನವರ ಟಿವಿ ಕಪ್ಪಾಗುತ್ತದೆ. ಗೋಡೆಗೆ ಬಣ್ಣ ಹೊಡೆಯುವ ಮುಂಚೆಯೇ ಪೈಪ್ ಹಾಕಿಸಿ ವಯರ್ ಎಳೆಸಿಡಿ. ಮನೆಯೊಳಗೆ ನುಗ್ಗುವ ತೂತಿನ ಹತ್ತಿರ ವಯರನ್ನು ಒಮ್ಮೆ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತನ್ನಿ, ಇಲ್ಲದಿದ್ದರೆ ಮಳೆನೀರು ಅದನ್ನೇ ಹಿಡಿದುಕೊಂಡು ಟಿವಿಯವರೆಗೆ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗು ಮಾತ್ರವಲ್ಲ, ಹಿಂದಿನ ವಯರನ್ನೂ ಬಿಚ್ಚಿಡಿ.

ಕೋಣೆಗೊಂದು ಭಾಷೆ ಎಂಬ ನಮ್ಮ ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಅಮ್ಮನಿಗೆ ಕನ್ನಡ ಮಾತ್ರ, ಮೇಲೆ ಮಲಯಾಳ ಮಾತ್ರ, ಚಾವಡಿಯಲ್ಲಿ ಎರಡೂ. ಅದನ್ನು ಮೊದಲು ಒಡೆದದ್ದು ವಾರ್ತೆ. ಕನ್ನಡ ಚಾನೆಲ್‌ಗಳ ಹವಾಮಾನದ ನಕ್ಷೆ ಗಡಿಯ ತಲಪಾಡಿಯಲ್ಲಿ ಮುಗಿಯುತ್ತದೆ. ಕಾಸರಗೋಡಿಗೆ ಆರೆಂಜ್ ಅಲರ್ಟ್ ಇದೆಯೇ, ನಾಳೆ ಕಲೆಕ್ಟರು ಶಾಲೆಗೆ ರಜೆ ಕೊಟ್ಟಿದ್ದಾರೆಯೇ ಎಂಬುದು ಗೊತ್ತಾಗಬೇಕಾದರೆ ಮಲಯಾಳ ವಾರ್ತೆಯೇ ಬೇಕು. ಅತ್ತ ನಮ್ಮ ದೊಡ್ಡ ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ ಎಲ್ಲ ಮಂಗಳೂರಿನಲ್ಲಿ. ಅಲ್ಲಿ ಬಂದ್ ಉಂಟೋ ಇಲ್ಲವೋ ಕನ್ನಡ ಚಾನೆಲ್ ಹೇಳಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಕರ್ನಾಟಕ ತಲಪಾಡಿಯ ರಸ್ತೆ ಮುಚ್ಚಿದಾಗ ಇದರ ಬಿಸಿ ತಟ್ಟಿತು. ಕೆಳಗಿನ ಟಿವಿಯಲ್ಲಿ ಆ ಬೇಲಿ ಸೋಂಕನ್ನು ತಡೆಯುವ ಬೇಲಿ. ಮೇಲಿನ ಟಿವಿಯಲ್ಲಿ ಅದೇ ಬೇಲಿ ರೋಗಿಗಳನ್ನು ತಡೆಯುವ ಬೇಲಿ. ವಿಷಯ ಕೇರಳ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಮೆಟ್ಟಿಲ ಮೇಲೆ ನಿಂತರೆ ಎರಡೂ ಕೇಳುತ್ತಿತ್ತು, ಮತ್ತು ಮಂಗಳೂರಿನ ಡಾಕ್ಟರ ಚೀಟಿ ಇಟ್ಟುಕೊಂಡವರಿಗೆ ಎರಡನ್ನೂ ಕೇಳದೆ ಉಪಾಯವಿರಲಿಲ್ಲ. ಗಡಿಯ ಮನೆಯಲ್ಲಿ ಎರಡು ಭಾಷೆಯ ವಾರ್ತೆಯನ್ನು ಶೋಕಿ ಎನ್ನುವವರು ಗಡಿಯಿಂದ ದೂರ ಇರುವವರು. ಹಾಗಾಗಿ ಮೂರೂ ಬಾಕ್ಸಿಗೆ ಎರಡೂ ಭಾಷೆಯ ವಾರ್ತೆ ಹಾಕಿಸಿದೆವು. ಅದೃಷ್ಟಕ್ಕೆ ವಾರ್ತಾ ಚಾನೆಲ್‌ಗಳಿಗೆ ಬೀಳುವ ದುಡ್ಡು ಕಡಿಮೆ. ಜೇಬು ಸುಡುವುದು ಮನರಂಜನೆಯವು.

ಮನರಂಜನೆಯಲ್ಲೂ ಬೇಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಅಮ್ಮ ನೋಡುತ್ತಿದ್ದ 'ಮುದ್ದುಲಕ್ಷ್ಮಿ' ಏಷ್ಯಾನೆಟ್‌ನ 'ಕರುತ್ತಮುತ್ತ್' ಎಂಬ ಮಲಯಾಳ ಧಾರಾವಾಹಿಯ ಕನ್ನಡ ರೂಪ. ಅದು ಬರುತ್ತಿದ್ದ ಸುವರ್ಣ ಚಾನೆಲನ್ನು 2007ರಲ್ಲಿ ಶುರುಮಾಡಿದ್ದೂ ಏಷ್ಯಾನೆಟ್‌ನವರೇ. ಸೊಸೆ ಮೂಲ ಕಥೆ ಮೊದಲೇ ನೋಡಿದ್ದವಳು, ಅತ್ತೆಗೆ ಮುಂದಿನದನ್ನು ಹೇಳಿಬಿಡುತ್ತಿದ್ದಳು. "ನೀ ಹೇಳ್ಬೇಡ ಮಾರಾಯ್ತಿ" ಎಂದು ಅಮ್ಮ ಬೈಯುವುದು, ಜಾಹೀರಾತು ಬಂದ ಹೊತ್ತಿಗೆ "ಮತ್ತೆ ಅವಳಿಗೆ ಎಂತ ಆಯ್ತು?" ಎಂದು ತಾನೇ ಕೇಳುವುದು.

ಡಿಶ್ ಹಾಕಲು ಬಂದ ಹುಡುಗ ಕುಂಬಳೆ ಕಡೆಯವನು. ಮೇಲಿನಿಂದ "ಬನ್ನಾ?" ಎಂದು ಮಲಯಾಳದಲ್ಲಿ ಕೂಗಿದ; ಟಿವಿ ಮುಂದೆ ನಿಂತಿದ್ದ ಅವನ ಜತೆಗಾರ "ಇಜ್ಜಿ" ಎಂದು ತುಳುವಿನಲ್ಲಿ ಇಲ್ಲವೆಂದ; ಒಳಗಿನಿಂದ ಅಮ್ಮ "ಬಂತು ಬಂತು, ಹೋಯ್ತು" ಎಂದರು. ಡಿಶ್ ಕೂಡುವವರೆಗೆ ಇದೇ ನಡೆಯಿತು, ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಕಸ್ಟಮರ್ ಕೇರಿನವರಿಗೆ ಮಾತ್ರ ಒಂದು ಖಾತೆಗೆ ಒಂದೇ ಭಾಷೆ. ನಾವು ಕನ್ನಡ ಆರಿಸಿದೆವು. ಮೆಸೇಜು ಇಂಗ್ಲಿಷಿನಲ್ಲಿ ಬರುತ್ತದೆ.

ಬದಲಾವಣೆಯಲ್ಲಿ ಸಿಗದೆ ಉಳಿದದ್ದೂ ಉಂಟು. ಮಂಗಳೂರಿನ ಸ್ಥಳೀಯ ಚಾನೆಲ್‌ಗಳು ನೇರ ಬಿಡುವ ಯಕ್ಷಗಾನ, ಭೂತಕೋಲ, ದೇವಸ್ಥಾನದ ಬ್ರಹ್ಮಕಲಶ ಹಿಂದೆ ಊರಿನ ಕೇಬಲಿನವನಲ್ಲಿ ಬರುತ್ತಿದ್ದವು. ನಮ್ಮ ಹೊಸ ಬಾಕ್ಸಿನಲ್ಲಿ ಅವು ಇಲ್ಲ. ಇಡೀ ದೇಶಕ್ಕೆ ಒಂದೇ ಉಪಗ್ರಹದಿಂದ ಸುರಿಯುವವರಿಗೆ ಒಂದು ತಾಲೂಕಿನ ಯಕ್ಷಗಾನದ ಆಟ ಕಣ್ಣಿಗೆ ಬೀಳುವುದು ಕಷ್ಟ. ಈಗ ಆಟ ಇದ್ದ ರಾತ್ರಿ ತಮ್ಮನ ಮಗ ಮೊಬೈಲಿನ ಯೂಟ್ಯೂಬನ್ನು ಅಜ್ಜಿಯ ಟಿವಿಗೆ ಹಾಕಿ ಕೊಡುತ್ತಾನೆ. ಹಾಗಾದರೆ ಫೈಬರನ್ನೇ ಹಾಕಿಸಿ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಆ ಲೈನು ತುಂಡಾದರೆ ಸರಿಮಾಡಲು ಬರುವವರೆಗೆ ಕಾಯಬೇಕು. ಕರೆಂಟು ಹೋದರೂ ಡಿಶ್ಶಿಗೆ ಇನ್ವರ್ಟರು ಸಾಕು.

ಹೊಸ ಕಂಪನಿ ಸೇರುವ ಗಡಿಯ ಕಡೆಯವರಿಗೆ ಒಂದು ಮಾತು. ಎರಡು ಭಾಷೆಗೆ ಎರಡು ಪ್ಯಾಕ್ ತೆಗೆದುಕೊಂಡರೆ ಹಿಂದಿ, ಇಂಗ್ಲಿಷ್ ಚಾನೆಲ್‌ಗಳು ಎರಡರಲ್ಲೂ ಬಂದು ಕೂತಿರುತ್ತವೆ. ಒಂದು ಭಾಷೆಗೆ ಪ್ಯಾಕ್ ಹಿಡಿದು, ಇನ್ನೊಂದರಲ್ಲಿ ನಿಜವಾಗಿ ನೋಡುವ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಸೇರಿಸಿ ಲೆಕ್ಕ ಹಾಕಿ ನೋಡಿ. ಫೋನಿನಲ್ಲಿ ಮಾತಾಡುವವರು ವರ್ಷದ ರೀಚಾರ್ಜಿಗೆ ಒಂದು ತಿಂಗಳು ಉಚಿತ ಎನ್ನುತ್ತಾರೆ, ಈಗಲೇ ಒಪ್ಪಬೇಡಿ. ಜೂನ್, ಜುಲೈ ಕಳೆಯುವವರೆಗೆ ತಿಂಗಳು ತಿಂಗಳಿಗೇ ಕಟ್ಟಿ.