ಎಲೆ ಹಂಚುವವರು ಯಾರು?

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಗೃಹಿಣಿಯರಾದ ನಾವು ಮುಖ ಸಿಂಡರಿಸುತ್ತೇವೆ. ‘ಅದು ಗಂಡಸರ ಚಟ, ನಮಗೇಕೆ ಅದರ ಉಸಾಬರಿ?’ ಎಂದು ಒಲೆಯ ಕಡೆ ತಿರುಗುತ್ತೇವೆ. ಆದರೆ ಸೋದರಿಯರೇ, ಇಸ್ಪೀಟು ಈಗ ಊರ ಹೊರಗಿನ ಕಟ್ಟೆಯ ಮೇಲೆ ಮಾತ್ರ ಇಲ್ಲ. ಮಗನ ಅಂಗಿಯ ಜೇಬಿನಲ್ಲಿದೆ, ಗಂಡನ ದಿಂಬಿನ ಕೆಳಗಿದೆ. ಪಕ್ಕದಲ್ಲಿ ಮಲಗಿದವರಿಗೂ ತಿಳಿಯದಂತೆ ಮೊಬೈಲಿನಲ್ಲಿ ಆಡಬಹುದು. ಆದ್ದರಿಂದ ಅದರ ಲೆಕ್ಕಾಚಾರ ನಮಗೂ ಸ್ವಲ್ಪ ತಿಳಿದಿರುವುದು ಒಳ್ಳೆಯದಲ್ಲವೇ?

ಹಾಗೆಂದು ಆಟವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಮ್ಮ ಕಾಗಿನೆಲೆಯ ಕಡೆ ಚೌಕಾಬಾರ, ಅಳಗುಳಿ ಆಡದೆ ಬೆಳೆದ ಹೆಣ್ಣುಮಕ್ಕಳು ಯಾರಿದ್ದಾರೆ? ನಮ್ಮ ಮನೆಯ ಕಟ್ಟೆಯ ಕಲ್ಲಿನ ಮೇಲೆ ಆಡು-ಹುಲಿ ಆಟದ ಗೆರೆಗಳು ಇನ್ನೂ ಮಾಸಿಲ್ಲ. ಹುಲಿಗಳು 3, ಆಡುಗಳು 15. ಮೇಲ್ನೋಟಕ್ಕೆ ಇದೆಂಥ ಅನ್ಯಾಯ ಎನಿಸುತ್ತದೆ. ಹುಲಿಗೆ ಹಾರಿ ತಿನ್ನುವ ಬಲವಿದೆ, ಆಡಿಗೆ ಗುಂಪಾಗಿ ನಿಂತು ದಾರಿ ಕಟ್ಟುವ ಬಲವಿದೆ. ಎರಡು ಕಡೆಗೂ ಒಂದೇ ಬಗೆಯ ಕಾಯಿ ಇರಬೇಕೆಂದಿಲ್ಲ. ಇಬ್ಬರಿಗೂ ನಿಯಮ ಗೊತ್ತಿರಬೇಕು, ಮುಂದಿನ ಆಟದಲ್ಲಿ ಹುಲಿಯಾದವರು ಆಡಾಗಬೇಕು, ಅಷ್ಟೆ. ನಮ್ಮ ಅತ್ತೆಯವರು ಎದುರಿಗೇ ಕುಳಿತು ನೋಡುತ್ತಿದ್ದರು. ಯಾರಾದರೂ ಕದ್ದು ಕಾಯಿ ಸರಿಸಿದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು!

ಮೊಬೈಲಿನ ಇಸ್ಪೀಟಿನ ನ್ಯಾಯ-ಅನ್ಯಾಯದ ಮಾತು ನಮ್ಮ ಬಳಗಕ್ಕೆ ಬಂದದ್ದು ನನ್ನ ಅಕ್ಕನ ಮಗನಿಂದ. ಅಕ್ಕನ ಮನೆ ಬ್ಯಾಡಗಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಎರಡು ಎಕರೆ ಮೆಣಸಿನಕಾಯಿ. 2024ರ ಮಾರ್ಚ್ ತಿಂಗಳಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು, ರೈತರ ಸಿಟ್ಟು ಕಟ್ಟಡಕ್ಕೂ ವಾಹನಗಳಿಗೂ ಬೆಂಕಿ ಬೀಳುವ ಮಟ್ಟಕ್ಕೆ ಹೋದದ್ದು ನಿಮಗೆ ನೆನಪಿರಬಹುದು. ಅಂಥ ವರ್ಷದಲ್ಲೂ ಅಕ್ಕ ಖರ್ಚು ಹಿಡಿದು 38,000 ರೂಪಾಯಿ ಉಳಿಸಿದ್ದಳು. ಅದು ಮಗಳ ನರ್ಸಿಂಗ್ ಓದಿನ ಫೀಸು. ಫೋನಿನಲ್ಲಿ ಹಣದ ವ್ಯವಹಾರ ಬಲ್ಲವನು ಮಗ, ರಾಣೆಬೆನ್ನೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿರುವವನು. ಹಣ ಅವನ ಖಾತೆಯಲ್ಲಿತ್ತು. ಶ್ರಾವಣದಲ್ಲಿ ಫೀಸು ಕಟ್ಟುವ ಹೊತ್ತಿಗೆ ನೋಡಿದರೆ ಖಾತೆಯಲ್ಲಿ ಉಳಿದಿದ್ದು 212 ರೂಪಾಯಿ. ಮಿಕ್ಕದ್ದೆಲ್ಲ ರಮ್ಮಿಗೆ ಹೋಗಿತ್ತು.

ಅಕ್ಕ ಅವನನ್ನು ನಮ್ಮ ಮನೆಗೆ ಕಳಿಸಿದಳು. ‘ನೀನಾದರೂ ಬುದ್ಧಿ ಹೇಳು’ ಎಂದು. ಬಂದವನು ತಲೆ ತಗ್ಗಿಸಿ ಕೂರುತ್ತಾನೆ ಎಂದುಕೊಂಡಿದ್ದೆ. ಅವನು ವಕೀಲರಂತೆ ವಾದಕ್ಕೇ ನಿಂತ.

“ಚಿಗವ್ವಾ, ನಾ ಆಟಾ ಬರಲಾರದಾಂವ ಅಲ್ಲ. ಹೊಸದಾಗಿ ಸೇರಿದಾಗ ಎಂಥಾ ಎಲಿ ಬರ್ತಿದ್ವು! ರೊಕ್ಕಾ ಹೆಚ್ಚಿಗಿ ಹಾಕಿದಮ್ಯಾಲೆ ಒಂದು ಜೋಕರೂ ಕೈಗೆ ಹತ್ತಲಿಲ್ಲ. ಎದುರಿಗೆ ಕುಂತಾಂವ ಮನಶ್ಯಾನೋ ಯಂತ್ರಾನೋ ಯಾರಿಗೆ ಗೊತ್ತು? ಇಬ್ಬರು ಗೆಳೆಯಾರು ಫೋನಿನ್ಯಾಗ ಮಾತಾಡಿಕೊಂಡು ಒಂದ ಮೇಜಿಗೆ ಕುಂತರ ಮೂರನೆಯಾಂವ ಏನು ಮಾಡಬೇಕು?”

ಅವನ ಜೊತೆ ಬಂದಿದ್ದ ಗೆಳೆಯ ಒಪ್ಪಲಿಲ್ಲ. “ಮೋಸಾ ಏನೂ ಇಲ್ರೀ. ಇವಗ ಎಲಿ ಬಿಡೂದು ಗೊತ್ತಿಲ್ಲ. ಸೋತಿದ್ದಷ್ಟ ನೆನಪು ಇಟ್ಟಾನ, ಗೆದ್ದಿದ್ದು ಮರತಾನ.”

ಇಬ್ಬರದೂ ಗಂಟೆಗಟ್ಟಲೆ ನಡೆಯಿತು. ನಾನು ಚಹಾ ಕೊಟ್ಟು ಕೇಳುತ್ತಾ ಕುಳಿತೆ. ಆಮೇಲೆ ಓದಿಯೂ ತಿಳಿದುಕೊಂಡೆ. ತಿಳಿದದ್ದನ್ನು ನಿಮಗೆ ಹೇಳುತ್ತೇನೆ.

52 ಎಲೆಗಳ ಒಂದು ಕಟ್ಟನ್ನು ಎಷ್ಟು ಬಗೆಯಾಗಿ ಜೋಡಿಸಬಹುದು ಗೊತ್ತೇ? ಎಂಟು ಬರೆದು ಅದರ ಮುಂದೆ 67 ಸೊನ್ನೆ ಹಾಕಿದರೆ ಬರುವ ಸಂಖ್ಯೆ ಹೆಚ್ಚುಕಡಿಮೆ ಅಷ್ಟು! ಕೈಯಲ್ಲಿ ಆಡುವಾಗ ಒಬ್ಬ ಕಲಸುತ್ತಾನೆ, ಪಕ್ಕದವನು ಕಟ್ಟು ಕತ್ತರಿಸುತ್ತಾನೆ, ಎಲ್ಲರೂ ಕಣ್ಣಿಟ್ಟು ನೋಡುತ್ತಾರೆ. ಮೊಬೈಲಿನಲ್ಲಿ ಕಲಸುವ ಕೈಯೇ ಇಲ್ಲ. ಕಂಪ್ಯೂಟರು ಗೊತ್ತುಗುರಿಯಿಲ್ಲದ ಅಂಕಿಗಳನ್ನು ಹುಟ್ಟಿಸಿ ಎಲೆ ಹಂಚುತ್ತದೆ. ಅದನ್ನು ಬೇರೆ ಸಂಸ್ಥೆಗಳು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿವೆ ಎಂದು ಕಂಪನಿಗಳು ಹೇಳುತ್ತಿದ್ದವು. ಆಡುವವನಿಗೆ ಮಾತ್ರ ಏನೂ ಕಾಣದು. ನಮ್ಮ ಹುಡುಗನ ಅನುಮಾನಕ್ಕೆ ಮೂಲ ಇದೇ.

ಇರಲಿ, ಎಲೆ ಹಂಚುವುದು ಶುದ್ಧವಾಗಿಯೇ ಇದೆ ಎಂದು ಒಪ್ಪಿಕೊಳ್ಳೋಣ. ಆಗಲಾದರೂ ಗೆಲುವು ಸಿಕ್ಕೀತೇ? ನಾವು ದಿನಸಿಯ ಚೀಟಿ ಕೂಡುವಂತೆ ಕೂಡಿ ನೋಡೋಣ. ಆರು ಜನ ತಲಾ 100 ರೂಪಾಯಿ ಹಾಕಿ ಕೂತರು. ಒಟ್ಟು 600. ಆಡಿಸುವ ಕಂಪನಿ ತನ್ನ ಪಾಲೆಂದು ನೂರಕ್ಕೆ 10ರಂತೆ 60 ರೂಪಾಯಿ ಹಿಡಿಯಿತು ಎನ್ನಿ. ಗೆದ್ದವನಿಗೆ 540. ಆರು ಜನರೂ ಸಮಾನ ಜಾಣರು, ಆರು ಆಟದಲ್ಲಿ ಒಬ್ಬೊಬ್ಬರೂ ಒಂದೊಂದು ಸಲ ಗೆದ್ದರು. ಪ್ರತಿಯೊಬ್ಬನೂ ಹಾಕಿದ್ದು 600, ಪಡೆದದ್ದು 540. ಯಾರೂ ಮೋಸ ಮಾಡಲಿಲ್ಲ, ಆದರೂ ಆರೂ ಜನ ಸೋತರು! ಕಂಪನಿಗೆ ಮಾತ್ರ 360 ರೂಪಾಯಿ ಸಿಕ್ಕಿತು. ಶೇಕಡಾವಾರು ಹೆಚ್ಚುಕಡಿಮೆ ಇರಬಹುದು, ಲೆಕ್ಕದ ದಾರಿ ಮಾತ್ರ ಇದೇ. ತುಂಬ ಜಾಣನಾದವನು ಗೆದ್ದಾನು, ಆದರೆ ಅವನು ಗೆದ್ದ ಹಣ ನಮ್ಮ ಅಕ್ಕನ ಮಗನಂಥವರ ಜೇಬಿನಿಂದಲೇ ಬರಬೇಕು.

ಕಾನೂನಿನವರೂ ಈ ಆಟದ ಬಗ್ಗೆ ಬಹಳ ವರ್ಷ ಚರ್ಚಿಸಿದ್ದಾರೆ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು. ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತ್ತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಯನ್ನು ತಿದ್ದಿ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕಡೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದು ಕಾಯ್ದೆ ಮಾಡಿತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳೆಲ್ಲ ಅದರಲ್ಲಿ ನಿಷಿದ್ಧ. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ದೊಡ್ಡ ಕಂಪನಿಗಳು ಆಗಲೇ ಹಣದ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು.

ನಮ್ಮ ಊರಿನ ಕನಕದಾಸರು ನ್ಯಾಯದ ಇದೇ ಪ್ರಶ್ನೆಯನ್ನು ಎಂದೋ ಕೈಗೆತ್ತಿಕೊಂಡಿದ್ದರು ಎಂದರೆ ನಗುತ್ತೀರೇನೋ! ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ತಾನು ಹೆಚ್ಚು, ತಾನು ಹೆಚ್ಚು ಎಂಬ ಜಗಳ. ರಾಮ ಆ ಕ್ಷಣಕ್ಕೆ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಅಕ್ಕಿ ಕಳೆಗುಂದಿತ್ತು, ರಾಗಿ ಗಟ್ಟಿಯಾಗಿತ್ತು. ನನಗೆ ಇದರಲ್ಲಿ ಹಿಡಿಸಿದ್ದು ಎರಡು ಸಂಗತಿ. ಇಬ್ಬರಿಗೂ ಒಂದೇ ಪರೀಕ್ಷೆ, ಎಲ್ಲರ ಕಣ್ಣೆದುರಿಗೆ. ಇನ್ನೊಂದು, ನಡುವೆ ನಿಂತ ರಾಮನಿಗೆ ಯಾರು ಗೆದ್ದರೂ ಲಾಭವಿಲ್ಲ. ಮೊಬೈಲಿನ ಮೇಜಿನಲ್ಲಿ ನಡುವೆ ನಿಂತವನಿಗೆ ಪ್ರತಿ ಆಟಕ್ಕೂ ಪಾಲುಂಟು. ಆಟ ನಿಂತರೆ ಅವನಿಗೆ ನಷ್ಟ. ಅವನು ಒಳ್ಳೆಯವನೇ ಇರಬಹುದು, ನ್ಯಾಯಾಧೀಶನಂತೂ ಆಗಲಾರ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. ಅವನು ತಲೆಯಾಡಿಸಿದ. ಆದರೆ ‘ಆಟ ಶುದ್ಧವಿದ್ದರೆ ನಾ ಗೆದ್ದೇ ಗೆಲ್ತೀನಿ’ ಎಂಬ ಆಸೆ, ‘ಮೋಸ ಎಂದು ಸಾಬೀತಾದರೆ ರೊಕ್ಕ ವಾಪಸ್ ಬರ್ತದ’ ಎಂಬ ಆಸೆ, ಎರಡೂ ಅವನನ್ನು ಬಿಟ್ಟಿರಲಿಲ್ಲ. ವಾದ ಮುಂದುವರಿಯುವವರೆಗೂ ಅವನ ಮನಸ್ಸು ಆ ಮೇಜಿನಿಂದ ಏಳಲಿಲ್ಲ.

ಅವನನ್ನು ಎಬ್ಬಿಸಿದ್ದು ನನ್ನ ಲೆಕ್ಕವಲ್ಲ, ಅವನ ತಂಗಿಯ ಒಂದು ಮಾತು. ಅಕ್ಕನ ಮನೆಯಲ್ಲಿ ಎಲ್ಲರೂ ಕೂತಿದ್ದೆವು. ‘ಹುಡುಗ ಸಣ್ಣಾಂವ, ತಪ್ಪು ಮಾಡ್ಯಾನ, ಹೋಗ್ಲಿ ಬಿಡ್ರಿ. ಇಕಿ ಮುಂದಿನ ವರ್ಷ ಓದ್ಲಿ’ ಎಂದು ಹಿರಿಯರು ತೀರ್ಮಾನಿಸುತ್ತಿದ್ದರು. ಅಲ್ಲಿಯವರೆಗೂ ಬಾಯಿ ತೆರೆಯದೆ ಬಳ್ಳೊಳ್ಳಿ ಸುಲಿಯುತ್ತಿದ್ದ ಹುಡುಗಿ ಮೆಲ್ಲಗೆ ಹೇಳಿದಳು:

“ಆಟದಾಗ ಎಲಿ ಸರಿಯಾಗಿ ಹಂಚ್ಯಾರೋ ಇಲ್ಲೋ ಅಂತ ಅಣ್ಣ ತಿಂಗಳಾತು ಕೇಳಾಕತ್ತಾನ. ನಮ್ಮ ಮನ್ಯಾಗ ಹೆಂಗ ಹಂಚ್ಯಾರ ಅಂತ ಯಾರೂ ಕೇಳವಲ್ರಿ.”

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಸೋತವನು ಅಣ್ಣ, ದಂಡ ಕಟ್ಟುವವಳು ತಂಗಿ! ಯಾವ ಆಟದಲ್ಲಿ ಇಂಥ ನಿಯಮವಿದೆ, ನೀವೇ ಹೇಳಿ?

ಅಂದೇ ವ್ಯವಸ್ಥೆಯಾಯಿತು. ಅಕ್ಕ ಮಹಿಳಾ ಸಂಘದಿಂದ 25,000 ಸಾಲ ತೆಗೆದಳು. ಉಳಿದದ್ದಕ್ಕೆ ಅವಳ ಕಿವಿಯ ಬುಗುಡಿ ಒತ್ತೆ ಬಿತ್ತು. ಹುಡುಗಿ ಆ ವರ್ಷವೇ ಸೇರಿದಳು. ಸಂಘದ ಕಂತು ತಿಂಗಳಿಗೆ 2,500 ಅಣ್ಣನ ಸಂಬಳದಿಂದಲೇ ಹೋಗಬೇಕೆಂದಾಯಿತು. ಅವನು ಒಂದು ಕಂತನ್ನೂ ತಪ್ಪಿಸಲಿಲ್ಲ. ಮೆಣಸಿನಕಾಯಿಯ ಹಣ ಈಗ ತಾಯಿ-ಮಗಳ ಜಂಟಿ ಖಾತೆಗೆ ಬರುತ್ತದೆ. ಬುಗುಡಿ ಬಿಡಿಸಿಕೊಂಡದ್ದು ಮಾತ್ರ 2025ರ ದೀಪಾವಳಿಗೆ.

ಕಾನೂನು ಬಂದಿದೆಯಲ್ಲ, ಇನ್ನು ಚಿಂತೆಯಿಲ್ಲ ಎಂದು ಸುಮ್ಮನಾಗಬೇಡಿ. ಹೆಸರು ಬದಲಿಸಿ ಕಳ್ಳದಾರಿಯಲ್ಲಿ ಬರುವ ಆಟಗಳೂ ಉಂಟು. ಮನೆಯವರು ರಾತ್ರಿ ನಿದ್ದೆಗೆಟ್ಟು ಫೋನು ಹಿಡಿದಿದ್ದರೆ, ಸಣ್ಣಪುಟ್ಟ ಸಾಲ ಕೇಳತೊಡಗಿದರೆ, ಫೋನು ಮುಟ್ಟಿದರೆ ಸಿಡುಕಿದರೆ ಸಮಾಧಾನದಿಂದ ವಿಚಾರಿಸಿ. ಕೂಗಾಡಿದರೆ ಇನ್ನಷ್ಟು ಮುಚ್ಚಿಡುತ್ತಾರೆ. ಬ್ಯಾಂಕಿನ ಪಾಸ್‌ಬುಕ್ ತಿಂಗಳಿಗೊಮ್ಮೆ ನೀವೇ ಬರೆಸಿ ನೋಡಿ. ಹಣದ ಮೋಸವಾಗಿದ್ದರೆ 1930ಕ್ಕೆ ಕೂಡಲೇ ಫೋನು ಮಾಡಬೇಕು. ಚಟ ಬಿಡಲಾಗದೆ ಒದ್ದಾಡುವವರಿಗೆ ಟೆಲಿ-ಮಾನಸ್ ಸಹಾಯವಾಣಿ 14416 ಉಂಟು, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರ. ಅಲ್ಲಿಗೆ ಹೋಗಲು ನಾಚಿಕೆ ಬೇಡ. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವುದಿಲ್ಲವೇ?

ಜೊತೆಗೆ ಇನ್ನೊಂದು ಕೆಲಸ ಮಾಡಿ. ಈ ತಿಂಗಳ ಖರ್ಚು ಬರೆಯುವಾಗ ಮಗನಿಗೆಷ್ಟು, ಮಗಳಿಗೆಷ್ಟು, ನಿಮಗೆಷ್ಟು ಎಂದು ಮೂರು ಸಾಲು ಬೇರೆ ಬೇರೆ ಬರೆದಿಡಿ. ತಿಂಗಳ ಕೊನೆಗೆ ಕೂಡಿ ನೋಡಿ.